ಹಳೆಯ ರೇಂಜ್‌ಫೈಂಡರ್ ಲೆನ್ಸೋ, ಇನ್ನಷ್ಟು ಅಭ್ಯಾಸವೋ?

ಪ್ರಶ್ನೆ: ಅರೆನೆರಳು

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಎಂ ಮೌಂಟಿನ (ಲೈಕಾ ಎಂ ಕ್ಯಾಮೆರಾಗಳ ಲೆನ್ಸ್ ಜೋಡಣೆಯ) ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ, ಅಂದರೆ ಲೆನ್ಸಿನ ಮೂಲಕವಲ್ಲದೆ ಬೇರೆ ಕಿಂಡಿಯಲ್ಲಿ ನೋಡಿ, ಜೋಡುಬಿಂಬವನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾದಲ್ಲಿ, ಕಪ್ಪು-ಬಿಳುಪು ಫಿಲ್ಮ್ ಹಾಕಿ ಚಿತ್ರ ತೆಗೆಯುತ್ತಿದ್ದೇನೆ. ನನ್ನಲ್ಲಿರುವ ಲೆನ್ಸ್ ಎರಡೇ, ಎರಡೂ ಈಚಿನ ತಯಾರಿಕೆಯವು: ಒಂದು 50 ಮಿ.ಮೀ. ಎಫ್ 2, ಇನ್ನೊಂದು 35 ಮಿ.ಮೀ. ಎಫ್ 2.8 (ಮಿ.ಮೀ. ಎಂದರೆ ನಾಭಿದೂರ; ಎಫ್ ಎಂದರೆ ಬೆಳಕು ಬರುವ ದ್ವಾರದ, ಅಂದರೆ ಅಪರ್ಚರಿನ ಅಳತೆ, ಅಂಕಿ ಚಿಕ್ಕದಾದಷ್ಟೂ ದ್ವಾರ ದೊಡ್ಡದು). ಎರಡಕ್ಕೂ ಹೆಸರಿಡುವಂತಿಲ್ಲ. ಆದರೂ ಕಳೆದ ವರ್ಷ ತೆಗೆದ ನಲವತ್ತು ರೋಲುಗಳ ಕಾಂಟ್ಯಾಕ್ಟ್ ಶೀಟುಗಳನ್ನು (ಒಂದು ರೋಲಿನ ಚಿತ್ರಗಳೆಲ್ಲ ನೆಗೆಟಿವಿನ ಗಾತ್ರದಲ್ಲೇ ಅಚ್ಚಾದ ಹಾಳೆಗಳನ್ನು) ಮೊನ್ನೆ ಹರವಿಕೊಂಡು ಕುಳಿತಾಗ, ಇನ್ನೊಬ್ಬರ ಮುಂದೆ ಇಡಬಹುದು ಎನ್ನಿಸಿದ ಚಿತ್ರಗಳು ಹನ್ನೊಂದೇ ಹನ್ನೊಂದು. ಉಳಿದವುಗಳಲ್ಲಿ ಇಂಥದೇ ತಪ್ಪು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ; ಒಟ್ಟಿನಲ್ಲಿ ಸಪ್ಪೆ.

ಇದೇ ಹೊತ್ತಿಗೆ ಹಳೆಯ ಲೆನ್ಸುಗಳಲ್ಲಿ ತೆಗೆದ ಚಿತ್ರಗಳನ್ನು ರಾತ್ರಿಯೆಲ್ಲ ನೋಡುವ ಚಟವೂ ಹತ್ತಿದೆ. ಸೊನ್ನಾರ್ ಎಂಬ ಹಳೆಯ ಜರ್ಮನ್ ವಿನ್ಯಾಸದ 50 ಮಿ.ಮೀ. ಎಫ್ 1.5 ಲೆನ್ಸುಗಳು ಹಿನ್ನೆಲೆಯನ್ನು ಕರಗಿಸುವ ರೀತಿ, ಲೇಪನವಿಲ್ಲದ ಹಳೆಯ ಗಾಜಿನಲ್ಲಿ ಬೆಳಕು ಹಬ್ಬಿಕೊಳ್ಳುವ ರೀತಿ, ಇವುಗಳನ್ನು ನೋಡಿದಾಗ ನನ್ನ ಚಿತ್ರಗಳಿಗೆ ಬೇಕಾಗಿರುವುದು ಇದೇ ಎಂದು ಅನ್ನಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಕಿಟಕಿಯ ಪಕ್ಕ ಕುಳಿತು ಪತ್ರಿಕೆ ಓದುತ್ತಿದ್ದ ಒಬ್ಬ ಹಿರಿಯರ ಚಿತ್ರವನ್ನು ಎಫ್ 2ರಲ್ಲಿ, ಸುಮಾರು ಒಂದೂವರೆ ಮೀಟರ್ ದೂರದಿಂದ ತೆಗೆದೆ. ಮುಖ ಚೆನ್ನಾಗಿ ಬಂದಿದೆ, ಕನ್ನಡಕದ ಮೇಲಿನ ಬೆಳಕೂ ಚೆನ್ನಾಗಿದೆ. ಆದರೆ ಅರ್ಧ ಮೀಟರ್ ಹಿಂದಿರುವ ಕಿಟಕಿಯ ಸರಳೊಂದು ನೆತ್ತಿಯಿಂದ ನೇರವಾಗಿ ಮೇಲಕ್ಕೆ ಎದ್ದು ನಿಂತಿದೆ. ಸೊನ್ನಾರ್ ಆಗಿದ್ದರೆ ಆ ಸರಳು ಕರಗಿಹೋಗುತ್ತಿತ್ತಲ್ಲವೇ?

ಈ ವರ್ಷ ನನ್ನಿಂದ ಆಗುವುದು ಒಂದೇ ಖರ್ಚು: ಒಂದು ಹಳೆಯ ಲೆನ್ಸು, ಇಲ್ಲವೇ ಅದೇ ಹಣಕ್ಕೆ ಬರುವಷ್ಟು ಫಿಲ್ಮ್ ಮತ್ತು ಪ್ರಿಂಟ್ ಕಾಗದ. ಎರಡೂ ಮುಖ್ಯ ಎಂಬ ಉತ್ತರ ನನಗೂ ಗೊತ್ತಿರುವುದರಿಂದ ದಯವಿಟ್ಟು ಅದನ್ನು ಬಿಟ್ಟು ಹೇಳಿ. ನನ್ನ ಚಿತ್ರಗಳ ಸಪ್ಪೆತನ ಗಾಜಿನದೋ ನನ್ನದೋ ಎಂದು ತಿಳಿಯುವ ಬಗೆ ಯಾವುದು?

ಉತ್ತರ: ಕತ್ತಲಕೋಣೆ

ಅರೆನೆರಳು ಅವರೆ, ನೀವು ಒಂದು ನಿರ್ದಿಷ್ಟ ಚಿತ್ರವನ್ನು ಮುಂದಿಟ್ಟಿರುವುದು ಒಳ್ಳೆಯದಾಯಿತು. ಲೆನ್ಸುಗಳ ಚರ್ಚೆ ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಯಾರೂ ತಮ್ಮ ಚಿತ್ರವನ್ನು ಎದುರಿಗಿಡದೆ ಬರಿಯ ಹೆಸರುಗಳನ್ನು ಎಸೆದಾಡುವುದರಿಂದ. ಆದ್ದರಿಂದ ಆ ಕಿಟಕಿಯ ಸರಳನ್ನೇ ಹಿಡಿದುಕೊಂಡು ಲೆಕ್ಕ ಹಾಕೋಣ.

ಮುಖ 1.5 ಮೀಟರಿನಲ್ಲಿ, ಸರಳು 2 ಮೀಟರಿನಲ್ಲಿ ಇದೆ. 50 ಮಿ.ಮೀ. ಲೆನ್ಸನ್ನು ಎಫ್ 2ಕ್ಕೆ ಇಟ್ಟು ಮುಖಕ್ಕೆ ಫೋಕಸ್ ಮಾಡಿದರೆ, ಸರಳಿನ ಮೇಲಿನ ಪ್ರತಿಯೊಂದು ಬಿಂದುವೂ ಫಿಲ್ಮಿನ ಮೇಲೆ ಸುಮಾರು 0.22 ಮಿ.ಮೀ. ಅಗಲದ ಮಸುಕು ವೃತ್ತವಾಗುತ್ತದೆ. ಎಫ್ 1.5ರಲ್ಲಿ ಆ ವೃತ್ತ 0.29 ಮಿ.ಮೀ. ಆಗುತ್ತದೆ. ನೆಗೆಟಿವನ್ನು ಎಂಟು ಪಟ್ಟು ಹಿಗ್ಗಿಸಿ ಪ್ರಿಂಟ್ ಮಾಡಿದರೆ ಇವು ಕ್ರಮವಾಗಿ 1.7 ಮತ್ತು 2.3 ಮಿ.ಮೀ. ಸರಳಿನ ದಪ್ಪ 12 ಮಿ.ಮೀ. ಎಂದು ಇಟ್ಟುಕೊಂಡರೆ ಅದೇ ಪ್ರಿಂಟಿನಲ್ಲಿ ಸರಳಿನ ಅಗಲ ಸುಮಾರು ಎರಡೂವರೆ ಮಿ.ಮೀ. ಬರುತ್ತದೆ. ಎಂದರೆ, ನೀವು ಹೇಳುವ ಲೆನ್ಸಿನಲ್ಲಿ ಸರಳಿನ ಅಂಚು ಇನ್ನೊಂದಿಷ್ಟು ಮೆತ್ತಗಾಗುತ್ತಿತ್ತೇ ಹೊರತು ಸರಳು ಎಲ್ಲಿಗೂ ಹೋಗುತ್ತಿರಲಿಲ್ಲ. ನೆತ್ತಿಯ ಮೇಲೆ ಕಪ್ಪು ಗೆರೆಯ ಬದಲು ಬೂದುಬಣ್ಣದ ಗೆರೆ ನಿಂತಿರುತ್ತಿತ್ತು.

ಈಗ ಇನ್ನೊಂದು ಲೆಕ್ಕ. ಅದೇ ಜಾಗದಲ್ಲಿ ನೀವು 30 ಸೆಂಟಿಮೀಟರ್, ಅಂದರೆ ಅರ್ಧ ಹೆಜ್ಜೆ, ಪಕ್ಕಕ್ಕೆ ಸರಿದಿದ್ದರೆ ಸರಳು ಆ ಹಿರಿಯರ ತಲೆಯ ಹಿಂದೆ ಏಳೂವರೆ ಸೆಂಟಿಮೀಟರ್ ಜರುಗುತ್ತಿತ್ತು. ಅದು ಹೆಚ್ಚುಕಡಿಮೆ ಅರ್ಧ ಮುಖದಷ್ಟು ಅಗಲ. ನೆತ್ತಿಯ ನಡುವೆ ಇದ್ದ ಗೆರೆ ಕಿವಿಯ ಅಂಚಿಗೆ ಬರುತ್ತಿತ್ತು. ಇನ್ನೂ ಸ್ವಲ್ಪ ಸರಿದಿದ್ದರೆ ತಲೆಯನ್ನು ಬಿಟ್ಟು ಕಿಟಕಿಗೆ ಸೇರಿದ ಸರಳಾಗಿ ಉಳಿಯುತ್ತಿತ್ತು. ನೀವು ಅದನ್ನು ಮಾಡದೆ ಇದ್ದುದಕ್ಕೆ ಕಾರಣವೂ ಊಹಿಸಬಲ್ಲೆ. ರೇಂಜ್‌ಫೈಂಡರಿನ ಕಿಂಡಿಯಲ್ಲಿ ಹತ್ತಿರದ್ದು, ದೂರದ್ದು ಎಲ್ಲವೂ ಒಂದೇ ಸಮನೆ ಸ್ಪಷ್ಟವಾಗಿ ಕಾಣುತ್ತದೆ. ನಡುವಿನ ಜೋಡುಬಿಂಬ ಒಂದಾಗುವುದನ್ನೇ ನೋಡುತ್ತಿರುವ ಕಣ್ಣು ಉಳಿದ ಚೌಕಟ್ಟನ್ನು ಮರೆತುಬಿಡುತ್ತದೆ. ಫೋಕಸ್ ಕೂಡಿದ ಕೂಡಲೆ ಷಟರ್ ಒತ್ತುವುದು ನಮ್ಮೆಲ್ಲರ ರೋಗ. ಕೂಡಿದ ಮೇಲೆ ಒಂದು ಸಲ ನಾಲ್ಕೂ ಅಂಚುಗಳಿಗೆ ಕಣ್ಣು ಹಾಯಿಸಿ, ಆಮೇಲೆ ತಲೆಯ ಹಿಂದಿನಿಂದ ಏನು ಹೊರಡುತ್ತಿದೆ ಎಂದು ನೋಡಿ ಒತ್ತುವ ಅಭ್ಯಾಸಕ್ಕೆ ನನಗೆ ಹಿಡಿದದ್ದು ಸುಮಾರು ಮೂವತ್ತು ರೋಲು.

ಸಪ್ಪೆತನದ ಮೂಲ ಕಂಡುಹಿಡಿಯಲು ನಾನು ಹೇಳುವ ದಾರಿ ಬೇಸರದ್ದು. ಹತ್ತು ರೋಲುಗಳ ಕಾಂಟ್ಯಾಕ್ಟ್ ಶೀಟುಗಳನ್ನು ತೆಗೆದುಕೊಂಡು, ಪ್ರತಿಯೊಂದು ಚೌಕಟ್ಟಿನ ಕೆಳಗೂ ಅದು ಏಕೆ ಕೆಟ್ಟಿತು ಎಂದು ಒಂದು ಅಕ್ಷರದಲ್ಲಿ ಬರೆಯಿರಿ: ಕೈ ಅಲುಗಿತೋ, ಫೋಕಸ್ ತಪ್ಪಿತೋ, ಹೊತ್ತು ಮೀರಿತೋ, ಹಿನ್ನೆಲೆ ಮುಖ್ಯ ವಸ್ತುವಿನ ಮೈಮೇಲೆ ಬಿತ್ತೋ, ಅಥವಾ ಅಲ್ಲಿ ತೆಗೆಯುವಂಥದ್ದೇ ಏನೂ ಇರಲಿಲ್ಲವೋ. ಬೇರೆ ಲೆನ್ಸಿನಿಂದ ಮಾತ್ರ ಸರಿಹೋಗುತ್ತಿದ್ದವು ಎಂದು ಖಚಿತವಾಗಿ ಅನ್ನಿಸಿದವುಗಳಿಗೆ ಬೇರೆ ಗುರುತು ಹಾಕಿ. ಆ ಗುರುತಿನ ಸಂಖ್ಯೆಯೇ ನಿಮ್ಮ ಪ್ರಶ್ನೆಗೆ ಉತ್ತರ.

ಇನ್ನೊಂದು ಮಾತು. ಸಪ್ಪೆ ಎನ್ನುವುದು ಎಷ್ಟೋ ಸಲ ಪ್ರಿಂಟಿನ ಗುಣ, ನೆಗೆಟಿವಿನದಲ್ಲ. ಹಳೆಯ ಗಾಜಿನ ಚಿತ್ರಗಳಲ್ಲಿ ನೆರಳೊಳಗಿನ ವಿವರ ಮೃದುವಾಗಿ ಕಾಣುವುದು ನಿಮಗೆ ಹಿಡಿಸಿದ್ದರೆ, ಬಿರುಬಿಸಿಲಿನ ರೋಲೊಂದಕ್ಕೆ ಒಂದು ಸ್ಟಾಪ್ ಹೆಚ್ಚು, ಎಂದರೆ ಎರಡರಷ್ಟು, ಬೆಳಕು ಕೊಟ್ಟು, ಡೆವಲಪ್ ಮಾಡುವ ಸಮಯವನ್ನು ಐದರಲ್ಲಿ ಒಂದು ಭಾಗ ಇಳಿಸಿ ನೋಡಿ. ಹೊಸ ಲೆನ್ಸಿನ ಕಾಂಟ್ರಾಸ್ಟ್ ಎಷ್ಟು ತಗ್ಗುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ, ಅದೂ ಒಂದೇ ರೋಲಿನ ಖರ್ಚಿನಲ್ಲಿ.

ಉತ್ತರ: ಹಳೆಗಾಜು

ಕತ್ತಲಕೋಣೆಯವರ ಲೆಕ್ಕ ಸರಿಯಾಗಿದೆ, ನಾನು ಅದರ ಮೇಲೆ ಕೈಯಿಡುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಲೆನ್ಸ್ ಕೊಳ್ಳುವವರ ಮುಖಕ್ಕೆ ಎಸೆಯುವುದು ಸುಲಭ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು. ಅದನ್ನು ನಾನು ಒಂದು ವರ್ಷ ಕುಣಿದು ಕಲಿತವನು.

ನನ್ನ ಮೊದಲ ಹಳೆಯ ಲೆನ್ಸು ಸೋವಿಯತ್ ತಯಾರಿಕೆಯ ಜುಪಿಟರ್-3. ಲುಡ್ವಿಗ್ ಬೆರ್ಟೆಲೆ ಜರ್ಮನಿಯ ಜೈಸ್ ಕಂಪನಿಗಾಗಿ ರೂಪಿಸಿದ, 1932ರ ಕಾಂಟ್ಯಾಕ್ಸ್ ಕ್ಯಾಮೆರಾದ ಜೊತೆಗೆ ಬಂದ 5 ಸೆಂ.ಮೀ. ಎಫ್ 1.5 ಸೊನ್ನಾರ್‌ನ ಸಂತತಿ ಅದು. ಆ ಲೆನ್ಸಿನಲ್ಲಿ ತೆಗೆದ ಮುಖಚಿತ್ರಗಳಲ್ಲೆಲ್ಲ ಕಣ್ಣು ಮಸುಕು, ಕಿವಿಯ ಮುಂದಿನ ಕೂದಲು ಚೂಪು. ಕೈ ನಡುಗುತ್ತಿದೆ ಎಂದುಕೊಂಡೆ, ಕಣ್ಣಿನ ಪರೀಕ್ಷೆ ಮಾಡಿಸಿಕೊಂಡೆ, ಉಸಿರು ಬಿಗಿಹಿಡಿದು ಒತ್ತಿದೆ. ಕೊನೆಗೊಂದು ದಿನ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಎರಡೆರಡು ಸೆಂಟಿಮೀಟರ್ ಅಂತರದಲ್ಲಿ ಓರೆಯಾಗಿ ಸಾಲು ನಿಲ್ಲಿಸಿ, ನಡುವಿನ ಕಡ್ಡಿಗೆ ಫೋಕಸ್ ಮಾಡಿ, ಒಂದು ಮೀಟರಿನಿಂದ ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದೆ. ಚೂಪಾಗಿ ಬಂದದ್ದು ಅದರ ಹಿಂದಿನ ಕಡ್ಡಿಗಳು. ಕಾರಣ ಸರಳ: ಲೈಕಾ ಕ್ಯಾಮೆರಾಗಳ ರೇಂಜ್‌ಫೈಂಡರು 51.6 ಮಿ.ಮೀ. ನಾಭಿದೂರದ ಲೆನ್ಸನ್ನು ಮಾದರಿಯಾಗಿ ಇಟ್ಟುಕೊಂಡು ಅಳೆಯುತ್ತದೆ. ಕಾಂಟ್ಯಾಕ್ಸ್ ಪದ್ಧತಿಯನ್ನು ಅನುಸರಿಸಿದ ಈ ಲೆನ್ಸುಗಳ ನಾಭಿದೂರ 52.4 ಮಿ.ಮೀ.ನ ಆಸುಪಾಸಿನದು. ಅನಂತದಲ್ಲಿ ಎರಡೂ ಹೊಂದುತ್ತವೆ, ಒಂದು ಮೀಟರಿಗೆ ಬರುವ ಹೊತ್ತಿಗೆ ಸುಮಾರು ಮೂರು ಸೆಂಟಿಮೀಟರ್ ತಪ್ಪುತ್ತದೆ. ಎಫ್ 1.5ರಲ್ಲಿ ಆ ದೂರದಲ್ಲಿ ಚೂಪಾಗಿ ಸಿಗುವ ಆಳವೇ ಒಟ್ಟು ಮೂರೂವರೆ ಸೆಂಟಿಮೀಟರ್. ನನಗೆ ಮಾರಿದವರು ಲೆನ್ಸು ಪರೀಕ್ಷಿಸಿದ್ದು ಎಂದು ಹೇಳಿದ್ದರು. ಅನಂತಕ್ಕೆ ಇಟ್ಟು ಪರೀಕ್ಷಿಸಿದ್ದರೋ ಏನೋ.

ಇದರ ಮೇಲೆ ಸೊನ್ನಾರ್ ವಿನ್ಯಾಸಕ್ಕೇ ಸೇರಿದ ಇನ್ನೊಂದು ಗುಣವಿದೆ. ಅಪರ್ಚರ್ ಕಿರಿದಾಗಿಸಿದಂತೆ ಫೋಕಸಿನ ನೆಲೆ ಹಿಂದಕ್ಕೆ ಸರಿಯುತ್ತದೆ. ಎಫ್ 1.5ಕ್ಕೆ ಹೊಂದಿಸಿದ ಲೆನ್ಸು ಎಫ್ 2.8ರಲ್ಲಿ ತಪ್ಪುತ್ತದೆ, 2.8ಕ್ಕೆ ಹೊಂದಿಸಿದ್ದು 1.5ರಲ್ಲಿ ತಪ್ಪುತ್ತದೆ. ಅಂಥ ಲೆನ್ಸನ್ನು ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಕ್ಕೆ ಅಡಾಪ್ಟರ್ ಮೂಲಕ ಹಾಕಿ, ಬಿಂಬವನ್ನು ಹಿಗ್ಗಿಸಿ ನೋಡಿ ಫೋಕಸ್ ಮಾಡುವವರಿಗೆ ಈ ಎರಡು ಕಷ್ಟವೂ ಇಲ್ಲ. ಆದ್ದರಿಂದ ಅಂತರ್ಜಾಲದಲ್ಲಿ ನೀವು ರಾತ್ರಿ ಕುಳಿತು ನೋಡುವ ಚಿತ್ರಗಳಲ್ಲಿ ಎಷ್ಟು ನಿಮ್ಮ ಕ್ಯಾಮೆರಾದಲ್ಲಿ ಸಾಧ್ಯ ಎಂದು ಒಮ್ಮೆ ವಿಚಾರಿಸಿಕೊಳ್ಳಿ.

ಹಾಗೆಂದು ಹಳೆಯ ಗಾಜಿನ ಗುಣ ಬರಿಯ ಕಟ್ಟುಕಥೆಯಲ್ಲ. ಲೇಪನವಿಲ್ಲದ ಗಾಜು ಗಾಳಿಯನ್ನು ಮುಟ್ಟುವ ಪ್ರತಿಯೊಂದು ಮೇಲ್ಮೈಯಲ್ಲೂ ಶೇಕಡಾ ನಾಲ್ಕೈದರಷ್ಟು ಬೆಳಕು ಹಿಂದಕ್ಕೆ ಪ್ರತಿಫಲಿಸುತ್ತದೆ. ಜೈಸ್‌ನಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ಪ್ರತಿಫಲನ ತಗ್ಗಿಸುವ ಲೇಪನವನ್ನು ಕಂಡುಹಿಡಿಯುವವರೆಗೆ ಇದಕ್ಕೆ ಒಳ್ಳೆಯ ಮದ್ದಿರಲಿಲ್ಲ. ಬೆರ್ಟೆಲೆ ಏಳು ಗಾಜುಗಳನ್ನು ಮೂರೇ ಗುಂಪುಗಳಾಗಿ ಅಂಟಿಸಿದ್ದರ ಜಾಣತನ ಇಲ್ಲಿದೆ: ಗಾಳಿಗೆ ತೆರೆದ ಮೇಲ್ಮೈಗಳು ಆರೇ ಆದವು. ಅದೇ ಕಾಲದ, 1933ರ ಲೈಕಾ ಸುಮ್ಮಾರ್ ಎಫ್ 2ರಲ್ಲಿ ನಾಲ್ಕು ಗುಂಪು, ಎಂಟು ಮೇಲ್ಮೈ. ಶೇಕಡಾ ನಾಲ್ಕರಂತೆ ಲೆಕ್ಕ ಹಾಕಿದರೆ ಆರು ಮೇಲ್ಮೈ ದಾಟಿ ಶೇಕಡಾ 78ರಷ್ಟು, ಎಂಟು ದಾಟಿ 72ರಷ್ಟು ಬೆಳಕು ಉಳಿಯುತ್ತದೆ. ಕಳೆದುಹೋದ ಬೆಳಕು ಪೂರ್ತಿ ಹೊರಗೆ ಹೋಗುವುದಿಲ್ಲ. ಅದರಲ್ಲಿ ಒಂದು ಪಾಲು ಗಾಜುಗಳ ನಡುವೆ ಪುಟಿದು ಫಿಲ್ಮಿನ ಮೇಲೆ ತೆಳುವಾದ ಪೊರೆಯಂತೆ ಬೀಳುತ್ತದೆ. ನೀವು ಮೆಚ್ಚುವ ಆ ಹಬ್ಬಿದ ಬೆಳಕು ಈ ಪೊರೆಯೇ. ಅದು ಎದ್ದು ಕಾಣುವುದು ಬೆಳಕು ಎದುರಿಗಿದ್ದಾಗ. ಬೆಳಕನ್ನು ಬೆನ್ನಿಗೆ ಹಾಕಿಕೊಂಡು, ಹುಡ್ (ಅಡ್ಡಬೆಳಕು ತಡೆಯುವ, ಲೆನ್ಸಿನ ಮುಂದಿನ ಮರೆ) ಹಾಕಿ, ಎಫ್ 8ರಲ್ಲಿ ತೆಗೆದರೆ ಸುಸ್ಥಿತಿಯಲ್ಲಿರುವ ಹಳೆಯ ಲೆನ್ಸಿನ ಚಿತ್ರವನ್ನು ಸಾಮಾನ್ಯ ಗಾತ್ರದ ಪ್ರಿಂಟಿನಲ್ಲಿ ಹೊಸದರಿಂದ ಬೇರ್ಪಡಿಸಿ ಹೇಳಲು ನನಗಂತೂ ಆಗಿಲ್ಲ.

ಕೊಳ್ಳುವುದೇ ಆದರೆ ಹೆಸರಿಗಿಂತ ಸ್ಥಿತಿ ಮುಖ್ಯ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಒಳಗಿನ ಗಾಜಿನ ಮೇಲೆ ಹಾಲಿನಂಥ ಮಂಜು ಕೂತಿದ್ದರೆ ಅದನ್ನು ಮಾರುವವರು ಹಳೆಯ ಗಾಜಿನ ಮಾಯೆ ಎಂದು ಹೇಳಬಹುದು, ಒಪ್ಪಬೇಡಿ. ಬೂಷ್ಟು ಜೇಡರ ಬಲೆಯಂತೆ ಕವಲೊಡೆದು ಕಾಣುತ್ತದೆ. ಸುಮ್ಮಾರಿನ ಮುಂಭಾಗದ ಗಾಜು ಮೆತ್ತಗಿನದು. ದಶಕಗಳ ಒರೆಸಾಟದಿಂದ ಅದರ ಮೇಲೆ ಕೂದಲೆಳೆಯ ಗೀರುಗಳು ತುಂಬಿರುವುದೇ ಹೆಚ್ಚು.

ಉತ್ತರ: ಕೆಂಪುದೀಪ

ಒಂದೇ ಪ್ರಶ್ನೆ ಕೇಳುತ್ತೇನೆ. ಆ ನಲವತ್ತು ರೋಲುಗಳಲ್ಲಿ ಎಷ್ಟು ಚಿತ್ರಗಳನ್ನು 1/30 ಸೆಕೆಂಡಿನಲ್ಲಿ ಕೈಯಲ್ಲೇ ಹಿಡಿದು ತೆಗೆದಿದ್ದೀರಿ? 50 ಮಿ.ಮೀ. ಲೆನ್ಸಿಗೆ 1/50ಕ್ಕಿಂತ ನಿಧಾನವಾದರೆ ಹೆಚ್ಚಿನವರ ಕೈ ಫಿಲ್ಮಿನ ಮೇಲೆ ಗುರುತು ಬಿಡುತ್ತದೆ. ಹಾಗೆ ಅಲುಗಿದ ನೆಗೆಟಿವಿನಲ್ಲಿ ಹೊಸ ಗಾಜೂ ಹಳೆಯ ಗಾಜೂ ಒಂದೇ. ಗೋಡೆಗೋ ಕಂಬಕ್ಕೋ ಭುಜ ಒರಗಿಸಿ, ಉಸಿರು ಅರ್ಧ ಬಿಟ್ಟು, ಬೆರಳಿನ ತುದಿಯ ಬದಲು ಬೆರಳಿನ ಮೊದಲ ಗೆಣ್ಣಿನಿಂದ ಷಟರನ್ನು ಮೆಲ್ಲನೆ ಅದುಮಿ ಒಂದು ರೋಲು ತೆಗೆದು ಬನ್ನಿ, ಆಮೇಲೆ ಲೆನ್ಸಿನ ಮಾತಾಡೋಣ.

ಉತ್ತರ: ಮೂರುಮೀಟರ್

ಇಲ್ಲಿಯವರೆಗೆ ಎಲ್ಲರೂ ಲೆನ್ಸು ಬಿಂಬವನ್ನು ಹೇಗೆ ಮೂಡಿಸುತ್ತದೆ ಎಂಬುದನ್ನೇ ಚರ್ಚಿಸಿದ್ದಾರೆ. ನನ್ನ ಅನುಭವದಲ್ಲಿ ಲೆನ್ಸಿನ ಆಯ್ಕೆ ಚಿತ್ರಗಳನ್ನು ಬದಲಿಸುವುದು ಗಾಜಿನ ಮೂಲಕವಲ್ಲ, ಕೈಯ ಮೂಲಕ. ಮತ್ತು ತಂತ್ರ, ನೋಟ ಎಂದು ನಾವು ಬೇರೆಬೇರೆಯಾಗಿ ಕರೆಯುವ ಎರಡೂ ಕೂಡುವುದು ಅಲ್ಲಿಯೇ.

ನನ್ನ 35 ಮಿ.ಮೀ. ಲೆನ್ಸಿನ ಕೆಳಗೆ ಬೆರಳು ಕೂರುವಂಥ ಒಂದು ಸಣ್ಣ ಹಿಡಿಕೆಯಿದೆ. ಅದು ನೇರವಾಗಿ ಕೆಳಕ್ಕೆ ತೂಗುತ್ತಿದ್ದರೆ ಫೋಕಸ್ ಸುಮಾರು ಒಂದೂವರೆ ಮೀಟರಿನಲ್ಲಿದೆ ಎಂದು ಅರ್ಥ. ಒಂದಿಷ್ಟು ಓರೆಯಾದರೆ ಮೂರು ಮೀಟರ್. ಎಫ್ 8ರಲ್ಲಿ ಮೂರು ಮೀಟರಿಗೆ ಇಟ್ಟರೆ ಸುಮಾರು 1.9 ಮೀಟರಿನಿಂದ 7.3 ಮೀಟರಿನವರೆಗೆ ಇರುವುದೆಲ್ಲ ಸಾಕಷ್ಟು ಚೂಪಾಗಿ ಬರುತ್ತದೆ. ಆಗ ಕ್ಯಾಮೆರಾ ಕಣ್ಣಿಗೆ ಏರುವ ಮೊದಲೇ ಫೋಕಸ್ ಮುಗಿದಿರುತ್ತದೆ, ಜೋಡುಬಿಂಬ ಕೂಡಿಸುವ ಕೆಲಸವಿಲ್ಲ, ಕತ್ತಲಕೋಣೆಯವರು ಹೇಳಿದ ಆ ಅಂಚುಗಳನ್ನು ನೋಡಲು ಕಣ್ಣಿಗೆ ಬಿಡುವು ಸಿಗುತ್ತದೆ. ಇದಕ್ಕೆ ಬೇಕಾದದ್ದು ದೂರವನ್ನು ಕಣ್ಣಳತೆಯಲ್ಲಿ ಹೇಳುವ ರೂಢಿ. ಸುಮ್ಮನೆ ಕುಳಿತಾಗ ಎದುರಿನ ಕುರ್ಚಿ, ಬಾಗಿಲು, ದೀಪದ ಕಂಬ ಎಷ್ಟು ದೂರ ಎಂದು ಮೊದಲು ಹೇಳಿಕೊಂಡು, ಆಮೇಲೆ ರೇಂಜ್‌ಫೈಂಡರಿನಲ್ಲಿ ಅಳೆದು ನೋಡಿ. ಫಿಲ್ಮಿನ ಖರ್ಚಿಲ್ಲದ ಅಭ್ಯಾಸ ಇದು. ಮೊದಲ ವಾರ ನಾನು ಎರಡು ಮೀಟರನ್ನು ಮೂರು ಎನ್ನುತ್ತಿದ್ದೆ. ತಿಂಗಳು ಕಳೆಯುವ ಹೊತ್ತಿಗೆ ನಾಲ್ಕು ಮೀಟರಿನೊಳಗಿನದು ಒಂದು ಗೇಣಿನ ಆಚೀಚೆಗೆ ಸರಿಬರುತ್ತಿತ್ತು.

ಎಂ ಕ್ಯಾಮೆರಾಗಳ ಕಿಂಡಿಯಲ್ಲಿ ಚೌಕಟ್ಟಿನ ಗೆರೆಯ ಹೊರಗೂ ದೃಶ್ಯ ಕಾಣುತ್ತದೆ ಎಂಬುದನ್ನು ನಾವು ಹೊಗಳುತ್ತೇವೆ, ಬಳಸುವುದು ಕಡಿಮೆ. 50 ಮಿ.ಮೀ. ಗೆರೆಯ ಹೊರಗೆ ನಡೆದು ಬರುತ್ತಿರುವ ವ್ಯಕ್ತಿ ಒಳಗೆ ಕಾಲಿಡುವುದನ್ನು ಕಾಯುವುದು ಈ ಕ್ಯಾಮೆರಾದಲ್ಲಿ ಮಾತ್ರ ಸಹಜವಾಗಿ ಬರುವ ಕೆಲಸ. ಫ್ರೆಂಚ್ ಛಾಯಾಗ್ರಾಹಕ ಆರಿ ಕಾರ್ತಿಯೇ-ಬ್ರೆಸೋನ್ ಜೀವನದ ಬಹುಪಾಲು 50 ಮಿ.ಮೀ. ಒಂದರಲ್ಲೇ ಕೆಲಸ ಮಾಡಿದರು ಎಂಬುದನ್ನು ಲೆನ್ಸ್ ಬೇಡವೆನ್ನುವವರೆಲ್ಲ ಉದಾಹರಿಸುತ್ತಾರೆ. ಇದರಿಂದ ನಾನು ಕಲಿತದ್ದು ಬೇರೆ. ಒಂದೇ ನಾಭಿದೂರವನ್ನು ಬಹುಕಾಲ ಬಳಸಿದವರಿಗೆ ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟಿನ ಅಂಚು ಎಲ್ಲಿ ಬೀಳುತ್ತದೆ ಎಂದು ಕಾಲಿಗೆ ತಿಳಿದಿರುತ್ತದೆ. ನೀವು 35 ಮತ್ತು 50ನ್ನು ದಿನಕ್ಕೊಂದರಂತೆ ಬದಲಿಸುತ್ತಿದ್ದರೆ ಕಾಲು ಎರಡನ್ನೂ ಕಲಿಯುವುದಿಲ್ಲ. ಮೂರನೆಯದೊಂದು ಬಂದರೆ ಕೇಳುವುದೇ ಬೇಡ.

ಆದರೂ ನಾನು ಹಳೆಯ ಲೆನ್ಸಿನ ವಿರೋಧಿಯಲ್ಲ. ಲೈಕಾ ಕ್ಯಾಮೆರಾಗಳಿಗಾಗಿ ಮಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಎಫ್ 3.5 ಎಲ್ಮಾರ್ ನನ್ನಲ್ಲಿದೆ. ನಾಲ್ಕೇ ಗಾಜು, ಮಡಚಿ ಒಳಕ್ಕೆ ತಳ್ಳಿದರೆ ಕ್ಯಾಮೆರಾ ಕೋಟಿನ ಜೇಬಿಗೆ ಇಳಿಯುತ್ತದೆ. ಆ ಒಂದು ಕಾರಣಕ್ಕೆ, ದೊಡ್ಡ ಲೆನ್ಸನ್ನು ಮನೆಯಲ್ಲಿ ಬಿಟ್ಟುಹೋಗುತ್ತಿದ್ದ ದಿನಗಳಲ್ಲೂ ಕ್ಯಾಮೆರಾ ನನ್ನ ಜೊತೆಗಿದೆ. ಇಂಥ ಲೆನ್ಸು ನನ್ನ ನೋಟವನ್ನು ತಿದ್ದಿತು ಎಂದರೆ ಅತಿಶಯೋಕ್ತಿಯಲ್ಲ, ಆದರೆ ತಿದ್ದಿದ್ದು ಅದರ ಗಾತ್ರ. ಅದೇ ಲೆನ್ಸಿನ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಂದು ಮೀಟರಿಗಿಂತ ಹತ್ತಿರ ಹೋಗಲು ಬಿಡುವುದಿಲ್ಲ, ಅಪರ್ಚರ್ ಬದಲಿಸುವ ಸಣ್ಣ ಕಡ್ಡಿ ಮುಂಭಾಗದ ಗಾಜಿನ ಸುತ್ತಲೇ ಇರುವುದರಿಂದ ಪ್ರತಿಸಲವೂ ಲೆನ್ಸಿನ ಮುಖ ತಿರುಗಿಸಿ ನೋಡಬೇಕು. ನಾನು ಬೆಳಿಗ್ಗೆ ಎಫ್ 9ಕ್ಕೆ ಇಟ್ಟರೆ ಸಂಜೆಯವರೆಗೆ ಮುಟ್ಟುವುದಿಲ್ಲ.

ಕಾಂಟ್ಯಾಕ್ಟ್ ಶೀಟುಗಳನ್ನು ವಿಂಗಡಿಸುವಾಗ ಹಳೆಯ ರೋಲುಗಳನ್ನೇ ಆರಿಸಿಕೊಳ್ಳಿ. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ತಾವು ತೆಗೆದ ರೋಲುಗಳನ್ನು ಬಹುಕಾಲ ಹಾಗೇ ಇಟ್ಟು, ತೆಗೆದಾಗಿನ ಹುಮ್ಮಸ್ಸು ಆರಿದ ಮೇಲೆ ನೋಡುತ್ತಿದ್ದರು. ಅವರು 1984ರಲ್ಲಿ ತೀರಿಕೊಂಡಾಗ ಡೆವಲಪ್ ಆಗದ ಸುಮಾರು 2,500 ರೋಲುಗಳು ಉಳಿದಿದ್ದವು, ಆದ್ದರಿಂದ ಅಷ್ಟೊಂದು ಕಾಯಬೇಕೆಂದು ನಾನು ಹೇಳುತ್ತಿಲ್ಲ. ಆರು ತಿಂಗಳು ಹಳೆಯದಾದರೆ ಸಾಕು.

ಮರುಉತ್ತರ: ಅರೆನೆರಳು

ಎಲ್ಲರಿಗೂ ಕೃತಜ್ಞತೆಗಳು. ಹದಿನೈದು ದಿನ ಸುಮ್ಮನಿದ್ದದ್ದಕ್ಕೆ ಕಾರಣ, ಹೇಳಿದ ಕೆಲಸ ಮಾಡುತ್ತಿದ್ದೆ. ಎಂಟು ತಿಂಗಳ ಹಿಂದಿನ ಹತ್ತು ರೋಲು, 360 ಚೌಕಟ್ಟುಗಳ ಕೆಳಗೆ ಅಕ್ಷರ ಬರೆದು ಮುಗಿಸಿದ್ದೇನೆ. ಅಲುಗಿದ್ದು 38, ಫೋಕಸ್ ತಪ್ಪಿದ್ದು 29, ಮುಂಚೆ ಒತ್ತಿದ್ದು ಅಥವಾ ತಡವಾಗಿ ಒತ್ತಿದ್ದು 61, ಹಿನ್ನೆಲೆ ಮೈಮೇಲೆ ಬಿದ್ದದ್ದು 94. ಅಲ್ಲಿ ಏನೂ ಇರಲಿಲ್ಲ ಎಂಬ ಗುರುತು 117 ಚೌಕಟ್ಟುಗಳಿಗೆ ಬಿತ್ತು. ಅದನ್ನು ಬರೆಯುವಾಗ ಕೈ ಹಿಂಜರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹದಿನೈದು ಚಿತ್ರ ಪರವಾಗಿಲ್ಲ. ಬೇರೆ ಲೆನ್ಸಾಗಿದ್ದರೆ ಎನ್ನಿಸಿದ್ದು ಬರೀ ಆರು.

ಕುತೂಹಲದ ಸಂಗತಿಯೆಂದರೆ ಆ ಆರಕ್ಕೆ ಆರೂ ಎದುರುಬೆಳಕಿನವು, ಒಂದರಲ್ಲೂ ಕರಗಿದ ಹಿನ್ನೆಲೆಯ ಕೊರತೆಯಿಲ್ಲ. ನಾನು ಮೆಚ್ಚಿಕೊಂಡ ಹನ್ನೊಂದನ್ನು ಮತ್ತೆ ತೆಗೆದು ನೋಡಿದರೆ, ಅವುಗಳಲ್ಲಿ ಎರಡು 35 ಮಿ.ಮೀ. ಲೆನ್ಸಿನ ಹುಡ್ ಮರೆತುಹೋದ ದಿನ ತೆಗೆದವು. ಮೆಟ್ಟಿಲ ಮೇಲಿನಿಂದ ಬಿಸಿಲು ನೇರ ಲೆನ್ಸಿಗೆ ಬಿದ್ದು ಕೆಳಗಿನ ಅರ್ಧ ಚಿತ್ರ ತೆಳುವಾಗಿ ಬೆಳ್ಳಗಾಗಿದೆ. ನಾನು ಸೊನ್ನಾರಿನಿಂದ ಬಯಸುತ್ತಿದ್ದುದು ಎಫ್ 1.5ನ್ನಲ್ಲ, ಹಳೆಗಾಜು ಅವರು ಹೇಳಿದ ಆ ಪೊರೆಯನ್ನು ಎಂದು ಈಗ ತಿಳಿಯಿತು. ಕಿಟಕಿಯ ಹಿರಿಯರ ಬಳಿಗೂ ಇನ್ನೊಮ್ಮೆ ಹೋಗಿ ಅರ್ಧ ಹೆಜ್ಜೆ ಎಡಕ್ಕೆ ನಿಂತು ತೆಗೆದೆ. ಸರಳು ಕಿವಿಯ ಆಚೆ ಹೋಯಿತು, ಆದರೆ ಅವರು ಈ ಸಲ ನನ್ನನ್ನೇ ನೋಡುತ್ತಿದ್ದರು.

ಆದ್ದರಿಂದ ಹಣ ಫಿಲ್ಮಿಗೆ ಹೋಗುತ್ತದೆ. 35 ಮಿ.ಮೀ. ಲೆನ್ಸನ್ನು ಆರು ತಿಂಗಳು ಕಪಾಟಿನಲ್ಲಿ ಇಡುತ್ತೇನೆ. ಮೂರುಮೀಟರ್ ಅವರ ಮಾತು ಕೇಳಿ ಗೆಳೆಯರೊಬ್ಬರನ್ನು ವಿಚಾರಿಸಿದಾಗ, ಅವರ ಮನೆಯಲ್ಲಿ ಯಾರೂ ಬಳಸದ ಯುದ್ಧಪೂರ್ವದ ಎಲ್ಮಾರ್ ಒಂದು ಸಿಕ್ಕಿತು. ಎದುರುಬೆಳಕಿನ ಚಿತ್ರಗಳಿಗೆಂದು ಎರವಲು ತಂದಿದ್ದೇನೆ. ಟಾರ್ಚ್ ಬಿಟ್ಟು ನೋಡಿದೆ, ಮಂಜಿಲ್ಲ, ಅಂಚಿನಲ್ಲಿ ಎರಡು ಗೀರುಗಳಿವೆ. ಒಂದು ಸಂದೇಹ: ಇದರ ಅಪರ್ಚರ್ ಅಂಕಿಗಳು 3.5, 4.5, 6.3, 9, 12.5, 18 ಎಂದಿವೆ. ನನ್ನ ಲೈಟ್ ಮೀಟರಿನಲ್ಲಿ ಇವು ಯಾವುವೂ ಇಲ್ಲ.

ಉತ್ತರ: ಹಳೆಗಾಜು

ಅದು ಯುದ್ಧಪೂರ್ವದ ಯುರೋಪಿನ ಅಳತೆ. 4ಕ್ಕೆ ಹೋಲಿಸಿದರೆ 4.5, 5.6ಕ್ಕೆ ಹೋಲಿಸಿದರೆ 6.3, 8ಕ್ಕೆ ಹೋಲಿಸಿದರೆ 9, ಹೀಗೆ 4.5ರಿಂದ ಮುಂದಿನ ಪ್ರತಿಯೊಂದು ಅಂಕಿಯೂ ಇಂದಿನದಕ್ಕಿಂತ ಸುಮಾರು ಮೂರನೆಯ ಒಂದು ಸ್ಟಾಪ್ ಕಿರಿದು. ಸುಲಭದ ಉಪಾಯವೆಂದರೆ, 400 ವೇಗದ ಫಿಲ್ಮ್ ಹಾಕಿದ್ದರೆ ಮೀಟರನ್ನು 320ಕ್ಕೆ ಇಡಿ. ಅದು 8 ಎಂದು ತೋರಿಸಿದಾಗ ಲೆನ್ಸಿನಲ್ಲಿ 9ಕ್ಕೆ, 5.6 ಎಂದಾಗ 6.3ಕ್ಕೆ ಇಡಿ, ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಅದು ತಿರುಪಿನ ಲೆನ್ಸಾದ್ದರಿಂದ ಎಂ ಮೌಂಟಿಗೆ ಒಂದು ಮಿ.ಮೀ. ದಪ್ಪದ ಅಡಾಪ್ಟರ್ ಬೇಕು. 50ರ ಚೌಕಟ್ಟಿನ ಗೆರೆ ತರುವಂಥದ್ದನ್ನೇ ಹಾಕಿ, ಇಲ್ಲದಿದ್ದರೆ ಕಿಂಡಿಯಲ್ಲಿ ಬೇರೆ ಗೆರೆ ಬಂದು ದಾರಿತಪ್ಪಿಸುತ್ತದೆ. ಕೊನೆಯದಾಗಿ, ಚಿತ್ರ ತೆಗೆಯುವ ಮೊದಲು ಲೆನ್ಸನ್ನು ಪೂರ್ತಿ ಹೊರಕ್ಕೆ ಎಳೆದು, ತಿರುಗಿಸಿ, ಅದು ಬಿಗಿಯಾಗಿ ಕೂತಿದೆಯೇ ಎಂದು ಪ್ರತಿಸಲವೂ ಬೆರಳಿನಿಂದ ಅಲುಗಿಸಿ ನೋಡಿ. ಕಿಂಡಿ ಲೆನ್ಸಿನ ಮೂಲಕ ನೋಡುವುದಿಲ್ಲವಾದ್ದರಿಂದ ಲೆನ್ಸು ಒಳಗೇ ಮಡಚಿಕೊಂಡಿದ್ದರೂ ನಿಮಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ನನ್ನ ಮೊದಲ ಎಲ್ಮಾರ್ ರೋಲಿನ ಇಪ್ಪತ್ತೆರಡು ಚಿತ್ರಗಳು ಹಾಗೆಯೇ ಮಂಜಾಗಿ ಹೋದವು. ಉಳಿದ ಹದಿನಾಲ್ಕನ್ನು ಮುಚ್ಚಳ ತೆಗೆಯದೆ ತೆಗೆದಿದ್ದೆ.